ಮೇರಿ ರೀಬಿ ಬರೆಸಿದ ಎರಡು ಸುಳ್ಳು: ಒಬ್ಬ ಗಡೀಪಾರು ಕೈದಿಯ ಬದುಕಿನ ಜಾಡು

ಆಸ್ಟ್ರೇಲಿಯಾದ ಇಪ್ಪತ್ತು ಡಾಲರ್ ನೋಟಿನ ಒಂದು ಮಗ್ಗುಲಲ್ಲಿ ವಯಸ್ಸಾದ ಹೆಂಗಸಿನ ಚಿತ್ರವಿದೆ. ತಲೆಗೆ ನಿರಿಗೆಯ ಟೊಪ್ಪಿ, ಮೂಗಿನ ಮೇಲೆ ಪುಟ್ಟ ಕನ್ನಡಕ. ಮೊಮ್ಮಕ್ಕಳಿಗೆ ಕೈತುತ್ತು ಹಾಕಿ ಈಗಷ್ಟೇ ಬಂದು ಜಗಲಿಯಲ್ಲಿ ಕೂತ ಅಜ್ಜಿಯ ಹಾಗೆ ಕಾಣುತ್ತಾಳೆ. ಹೆಸರು ಮೇರಿ ರೀಬಿ. 1994ರಲ್ಲಿ ಆಕೆಯ ಮುಖ ನೋಟಿನ ಮೇಲೆ ಬಂತು, 2019ರಲ್ಲಿ ವಿನ್ಯಾಸ ಬದಲಾದಾಗಲೂ ಉಳಿದುಕೊಂಡಿತು. ಇಂಗ್ಲೆಂಡಿನ ಕೋರ್ಟು ಕುದುರೆ ಕದ್ದ ಅಪರಾಧಕ್ಕೆ ಈಕೆಗೆ ಏಳು ವರ್ಷ ಗಡೀಪಾರು ವಿಧಿಸಿದ್ದು 1790ರಲ್ಲಿ. ಆಗ ಆಕೆಗೆ ಹದಿಮೂರು ವರ್ಷ.

1788ರಿಂದ 1868ರವರೆಗೆ ಬ್ರಿಟನ್ ಸುಮಾರು 1,62,000 ಕೈದಿಗಳನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಸಾಗಿಸಿತು. ಅವರಲ್ಲಿ ಸುಮಾರು 25,000 ಮಂದಿ ಹೆಂಗಸರು. ಇವರಲ್ಲಿ ಹೆಚ್ಚಿನವರ ಬದುಕು ನಾಲ್ಕೈದು ಸರ್ಕಾರಿ ಸಾಲುಗಳಲ್ಲಿ ಮುಗಿದುಹೋಗುತ್ತದೆ: ಎಲ್ಲಿ ವಿಚಾರಣೆಯಾಯಿತು, ಎಷ್ಟು ವರ್ಷದ ಶಿಕ್ಷೆ, ಯಾವ ಹಡಗು, ಯಾರ ಮನೆಗೆ ಕೆಲಸಕ್ಕೆ ಕಳಿಸಿದರು, ಯಾವಾಗ ಬಿಡುಗಡೆ. ಬರೆದವರೆಲ್ಲ ಗುಮಾಸ್ತರು. ಕೈದಿಯ ಬಾಯಿಂದ ಬಂದ ಮಾತು ಹುಡುಕಿದರೂ ಸಿಗುವುದು ಅಪರೂಪ.

ಮೇರಿಯ ಪ್ರಕರಣವನ್ನು ನಾನು ಆರಿಸಿಕೊಂಡಿದ್ದಕ್ಕೆ ಆಕೆಯ ಸಿರಿತನ ಕಾರಣವಲ್ಲ. ಆಕೆ ಕೈಯಾರೆ ಬರೆದ ಒಂದು ಕಾಗದ ಮತ್ತು ಒಂದು ದಿನಚರಿ ಉಳಿದಿವೆ. ಅದಕ್ಕಿಂತ ಮುಖ್ಯವಾಗಿ, ಆಕೆ ತನ್ನ ಬಗ್ಗೆ ಎರಡು ಸಲ ಸರ್ಕಾರಕ್ಕೆ ಸುಳ್ಳು ಹೇಳಿದ್ದಾಳೆ. ಒಂದು ಹದಿಮೂರನೆಯ ವಯಸ್ಸಿನಲ್ಲಿ, ಇನ್ನೊಂದು ಐವತ್ತೊಂದನೆಯ ವಯಸ್ಸಿನಲ್ಲಿ. ಹಳೆಯ ಕಡತ ಹುಡುಕುವವರು ಇಂಥ ಜಾಗ ಬಂದ ಕೂಡಲೇ ತಪ್ಪನ್ನು ತಿದ್ದಿ ಮುಂದೆ ಹೋಗುತ್ತಾರೆ. ಹಾಗೆ ತಿದ್ದಿದರೆ ಮೇರಿಯೇ ಕೈತಪ್ಪಿ ಹೋಗುತ್ತಾಳೆ ಎಂಬುದು ನನ್ನ ಅನಿಸಿಕೆ. ಉಳಿದ ದಾಖಲೆಗಳು ಬೇರೆಯವರು ಆಕೆಯನ್ನು ಹೇಗೆ ಕಂಡರು ಎಂದು ಹೇಳುತ್ತವೆ. ತಾನು ಯಾರಾಗಿ ಕಾಣಬೇಕು ಎಂದು ಆಕೆ ಸರ್ಕಾರದ ಮುಂದೆ ಬಾಯಿಬಿಟ್ಟದ್ದು ಈ ಎರಡು ಸುಳ್ಳುಗಳಲ್ಲಿ.

ಜೇಮ್ಸ್ ಬರೋ ಎಂಬ ಹುಡುಗ

ಮೇರಿ ಹುಟ್ಟಿದ್ದು 1777ರ ಮೇ ತಿಂಗಳಲ್ಲಿ, ಲ್ಯಾಂಕಶೈರ್‌ನ ಬರಿ ಎಂಬ ಊರಿನಲ್ಲಿ. ಮನೆಯವರು ಇಟ್ಟ ಹೆಸರು ಮಾಲಿ (Molly), ಕುಲನಾಮ ಹೇಡಾಕ್. ಬೆಳೆದದ್ದು ಬ್ಲ್ಯಾಕ್‌ಬರ್ನ್‌ನಲ್ಲಿ ಅಜ್ಜಿಯ ಮನೆಯಲ್ಲಿ. ಯಾವುದೋ ಮನೆಗೆ ಕೆಲಸಕ್ಕೆ ಇಟ್ಟಿದ್ದರಂತೆ, ಅಲ್ಲಿಂದ ಓಡಿಹೋದಳಂತೆ. ಈ "ಅಂತೆ"ಗಳು ಕುಟುಂಬದಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಕಾಗದದ ಮೇಲೆ ಆಕೆ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದಕ್ಷಿಣದ ಸ್ಟಾಫರ್ಡ್‌ನಲ್ಲಿ, ಕದ್ದ ಕುದುರೆಯ ಜೊತೆಗೆ, ಗಂಡುಹುಡುಗನ ಬಟ್ಟೆಯಲ್ಲಿ. ಹೆಸರು ಕೇಳಿದಾಗ ಹೇಳಿದ್ದು ಜೇಮ್ಸ್ ಬರೋ ಎಂದು.

ಇದು ಮೊದಲ ಸುಳ್ಳು. ಹದಿಮೂರರ ಹುಡುಗಿ ಒಂಟಿಯಾಗಿ ಆ ರಸ್ತೆಗಳಲ್ಲಿ ಹೋಗುವುದು ಎಂದರೆ ಏನು ಎಂಬುದನ್ನು ಯೋಚಿಸಿದರೆ ಗಂಡುವೇಷ ತುಂಟಾಟ ಅನ್ನಿಸುವುದಿಲ್ಲ. ನಂತರ ಬರೆದವರಲ್ಲಿ ಹಲವರು ಇದನ್ನು "ಬಾಲ್ಯದ ಸಾಹಸ" ಎಂದು ಹಗುರವಾಗಿ ಬರೆದಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಸಿಕ್ಕಿಬಿದ್ದ ಮೇಲೂ ಆಕೆ ಆ ಹೆಸರನ್ನು ಬಿಡಲಿಲ್ಲ. ಗುಟ್ಟು ರಟ್ಟಾದದ್ದು ಆಮೇಲೆ. ಅಷ್ಟು ದಿನ ಗಂಡಸರ ಮಧ್ಯೆ ಗಂಡಾಗಿ ನಟಿಸುತ್ತ ಇದ್ದಳು ಎಂದರೆ ಭಯ ಎಷ್ಟಿರಬೇಕು, ಛಲ ಎಷ್ಟಿರಬೇಕು.

ಕುದುರೆ ಕಳ್ಳತನಕ್ಕೆ ಗಲ್ಲು ಎಂಬ ಕಾನೂನು ಇದ್ದ ಕಾಲ ಅದು. ಮೇರಿಗೆ ಏಳು ವರ್ಷದ ಗಡೀಪಾರು ಆಯಿತು. ಮೊದಲು ಬ್ರಿಟನ್ ತನ್ನ ಕೈದಿಗಳನ್ನು ಅಮೆರಿಕದ ವಸಾಹತುಗಳಿಗೆ ಸಾಗಹಾಕುತ್ತಿತ್ತು. ಅಮೆರಿಕ ಸ್ವತಂತ್ರವಾಗಲು ಯುದ್ಧಕ್ಕೆ ನಿಂತಾಗ ಆ ದಾರಿ ಮುಚ್ಚಿತು. ಜೈಲುಗಳು ತುಂಬಿದವು, ಹಳೆಯ ಹಡಗುಗಳನ್ನು ನದಿಯಲ್ಲಿ ಕಟ್ಟಿಹಾಕಿ ಅದರೊಳಗೆ ಕೈದಿಗಳನ್ನು ತುರುಕಿದರು. ಕೊನೆಗೆ 1788ರ ಜನವರಿ 26ರಂದು ಹನ್ನೊಂದು ಹಡಗುಗಳ ಮೊದಲ ತಂಡ ಸಿಡ್ನಿಯ ಕೊಲ್ಲಿಯಲ್ಲಿ ನೆಲೆ ಹೂಡಿತು. ನಮ್ಮಲ್ಲಿ ಅಂಡಮಾನಿಗೆ ಕಳಿಸುವುದನ್ನು ಕರಿನೀರಿನ ಶಿಕ್ಷೆ ಎಂದರು. ಬ್ರಿಟನ್ನಿನ ಬಡವರಿಗೆ ಆ ಭಯದ ಹೆಸರು ಬಾಟನಿ ಬೇ, ಸಿಡ್ನಿಯ ಬಳಿಯ ಕೊಲ್ಲಿ.

ಇಂಥ ಕೈದಿಯ ಜಾಡು ಹಿಡಿಯುವವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ ವಿಚಾರಣೆಗಳು ಅಚ್ಚಾಗಿ ಉಳಿದಿವೆ, ಇಂದು ಮನೆಯಲ್ಲೇ ಕೂತು ಓದಬಹುದು. ಅಲ್ಲಿ ಕೈದಿ ಏನು ಹೇಳಿದ, ಸಾಕ್ಷಿ ಏನು ಹೇಳಿದ ಎಂಬುದೂ ಸಿಗುತ್ತದೆ. ಸ್ಟಾಫರ್ಡ್‌ನಂಥ ಜಿಲ್ಲಾ ಕೋರ್ಟುಗಳಿಗೆ ಆ ಭಾಗ್ಯವಿಲ್ಲ. ಸಿಗುವುದು ಆರೋಪ, ತೀರ್ಪು, ಶಿಕ್ಷೆ ಅಷ್ಟೇ. ಹಾಗಾಗಿ ಕುದುರೆಯ ಮೇಲೆ ಕೂತಿದ್ದ ಹುಡುಗಿಗೆ ಎಲ್ಲಿಗೆ ಹೋಗಬೇಕಾಗಿತ್ತು ಎಂಬ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬರಬೇಕು. ಮತ್ತೆ, ಮೇರಿ ಹೇಡಾಕ್ ಎಂದು ಮಾತ್ರ ಹುಡುಕುವವರಿಗೆ ಜೇಮ್ಸ್ ಬರೋ ಸಿಗುವುದಿಲ್ಲ.

ಹೆಸರಿನ ತೊಂದರೆ ಇಲ್ಲಿಗೆ ಮುಗಿಯುವುದೂ ಇಲ್ಲ. ಹೇಡಾಕ್ ಕೆಲವೆಡೆ ಹ್ಯಾಡಾಕ್ ಆಗಿದೆ. ಮದುವೆಯಾದ ಮೇಲಿನ ಹೆಸರು ರೀಬಿ, ರೇಬಿ, ರಾಬಿ ಎಂದು ಗುಮಾಸ್ತರ ಕಿವಿಗೆ ಕೇಳಿದ ಹಾಗೆ ಬರೆಯಲ್ಪಟ್ಟಿದೆ. ಪಹಣಿಯಲ್ಲೊಂದು, ರೇಷನ್ ಕಾರ್ಡಿನಲ್ಲೊಂದು, ಶಾಲೆಯ ಟಿಸಿಯಲ್ಲಿ ಇನ್ನೊಂದು ಹೆಸರಿಟ್ಟುಕೊಂಡು ತಾಲ್ಲೂಕು ಕಚೇರಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈದಿಯ ಜಾಡು ಹಿಡಿಯುವಾಗ ಹೆಸರಿಗಿಂತ ಹಡಗಿನ ಹೆಸರು, ಬಂದ ವರ್ಷ, ವಿಚಾರಣೆಯಾದ ಊರು ಈ ಮೂರನ್ನು ನಂಬಬೇಕು. ಈ ಮೂರೂ ಹೊಂದಿದರೆ ಹೆಸರು ಹೇಗಿದ್ದರೂ ಆಳು ಅದೇ ಆಗಿರುವ ಸಾಧ್ಯತೆ ಹೆಚ್ಚು.

ವಾರಕ್ಕೆ ಒಂದು ಪೌಂಡ್ ಅಕ್ಕಿ

ಮೇರಿ ಬಂದ ಹಡಗಿನ ಹೆಸರು ರಾಯಲ್ ಅಡ್ಮಿರಲ್. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರಕ್ಕೆ ಓಡುತ್ತಿದ್ದ ಹಡಗು. 1792ರ ಮೇ ಕೊನೆಯಲ್ಲಿ ಇಂಗ್ಲೆಂಡ್ ಬಿಟ್ಟು ಅಕ್ಟೋಬರ್ 7ರಂದು ಸಿಡ್ನಿ ಮುಟ್ಟಿತು. ಮಾರನೆಯ ದಿನವೇ, ಇನ್ನೂ ಹಡಗಿನಿಂದ ಇಳಿಯದೆಯೇ, ಮೇರಿ ಊರಿನಲ್ಲಿದ್ದ ಅತ್ತೆಗೆ ಕಾಗದ ಬರೆದಳು. ಆ ಕಾಗದ ಉಳಿದಿದೆ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳ ಕಾಗದ ಅದು.

ಕಾಗುಣಿತ ಅಡ್ಡಾದಿಡ್ಡಿ, ಚುಕ್ಕೆ ಅಲ್ಪವಿರಾಮಗಳ ಗೊಡವೆಯಿಲ್ಲ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು. ಹದಿನೈದು ವರ್ಷದ ಹುಡುಗಿ ಉಸಿರು ಬಿಡದೆ ಮಾತಾಡಿದಂತಿದೆ. ನಾವು ಅಂದುಕೊಂಡದ್ದಕ್ಕಿಂತ ವಾಸಿ ಇದ್ದೀತು, ನೋಡಲು ಜಾಗ ಚೆನ್ನಾಗಿಯೇ ಇದೆ ಎನ್ನುತ್ತಾಳೆ. ವಾರಕ್ಕೆ ನಾಲ್ಕು ಜೊತೆ ಷರಾಯಿ ಹೊಲಿಯಬೇಕಂತೆ. ವಾರಕ್ಕೆ ಒಂದು ಪೌಂಡ್ ಅಕ್ಕಿ, ನಾಲ್ಕು ಪೌಂಡ್ ಹಂದಿಮಾಂಸ, ಜೊತೆಗೆ ಸೊಪ್ಪು ತರಕಾರಿ ಕೊಡುತ್ತಾರಂತೆ. ಆಮೇಲೆ ಎದೆ ಹಿಂಡುವ ಸಾಲು ಬರುತ್ತದೆ. ನಿನಗೆ ಜೀವಾವಧಿ ಎಂದು ಇಲ್ಲಿ ಹೇಳುತ್ತಿದ್ದಾರೆ, ಏಳೇ ವರ್ಷ ಎಂದು ಗವರ್ನರ್ ನನಗೆ ಹೇಳಿದ್ದರು, ನೆನೆದರೆ ಬಹಳ ದುಃಖವಾಗುತ್ತದೆ. ಎರಡು ಮೂರು ವರ್ಷದಲ್ಲಿ ಇಲ್ಲಿಂದ ಹೊರಬೀಳಲು ಸಿಗುವ ಒಂದೊಂದು ಅವಕಾಶವನ್ನೂ ಕಾಯುತ್ತೇನೆ ಎಂದು ಬರೆದು, ಅಲ್ಲಿಯವರೆಗೆ ಆದಷ್ಟು ಸಂತೋಷದಿಂದಿರುತ್ತೇನೆ ಎಂದು ಅತ್ತೆಗೇ ಸಮಾಧಾನ ಹೇಳುತ್ತಾಳೆ.

ಏಳು ವರ್ಷವೋ ಜೀವಾವಧಿಯೋ ಎಂಬ ಈ ಗೊಂದಲ ಮೇರಿಯೊಬ್ಬಳದಲ್ಲ. ಆ ಮೊದಲ ವರ್ಷಗಳಲ್ಲಿ ಕೈದಿಗಳನ್ನು ಕಳಿಸಿದ ಸರ್ಕಾರ ಅವರ ಶಿಕ್ಷೆಯ ಕಾಗದಗಳನ್ನು ಸರಿಯಾಗಿ ಕಳಿಸಿರಲಿಲ್ಲ. ಅವಧಿ ಮುಗಿಯಿತು ಎಂದು ಬಂದು ನಿಂತವರ ಬಳಿ ಪುರಾವೆ ಇಲ್ಲ, ಅಧಿಕಾರಿಯ ಬಳಿಯೂ ಇಲ್ಲ. ಅಂಥ ಜಾಗದಲ್ಲಿ ಹದಿನೈದರ ಹುಡುಗಿ, ತನ್ನ ಶಿಕ್ಷೆ ಎಷ್ಟು ಎಂಬುದೇ ಖಚಿತವಿಲ್ಲದೆ, ಷರಾಯಿ ಎಷ್ಟು ಅಕ್ಕಿ ಎಷ್ಟು ಎಂದು ಲೆಕ್ಕ ಹಾಕುತ್ತ ಕೂತಿದ್ದಾಳೆ. ಮುಂದೆ ಸಿಡ್ನಿಯ ದೊಡ್ಡ ವ್ಯಾಪಾರಿಯಾಗುವವಳ ಲೆಕ್ಕಬುದ್ಧಿ ನನಗೆ ಈ ಕಾಗದದಲ್ಲೇ ಕಾಣುತ್ತದೆ.

ಆ ಅಕ್ಕಿಯ ವಿಚಾರ. ಇಂಗ್ಲೆಂಡಿನ ಕೈದಿಗಳಿಗೆ ಅಕ್ಕಿ ಎಲ್ಲಿಂದ ಎಂದು ಕೇಳಿದರೆ ಉತ್ತರ ಬಂಗಾಳದ ಕಡೆಗೆ ಹೋಗುತ್ತದೆ. ಹೊಸ ವಸಾಹತು ಉಪವಾಸ ಬೀಳುವ ಸ್ಥಿತಿಗೆ ಬಂದಿತ್ತು, ಬಿತ್ತಿದ್ದು ಬೆಳೆಯುತ್ತಿರಲಿಲ್ಲ. ಕಲ್ಕತ್ತೆಗೆ ಹಡಗು ಕಳಿಸಿ ದಿನಸಿ ತರಿಸಿದರು. ಮೇರಿ ಬರುವುದಕ್ಕೆ ಕೆಲವೇ ತಿಂಗಳ ಮುಂಚೆ, 1792ರ ಜೂನ್‌ನಲ್ಲಿ, ಅಟ್ಲಾಂಟಿಕ್ ಎಂಬ ಹಡಗು ಕಲ್ಕತ್ತೆಯಿಂದ ಅಕ್ಕಿ, ರವೆ, ಬೇಳೆ ಹೊತ್ತು ಬಂದಿತ್ತು. ಅಲ್ಲಿನ ಅಧಿಕಾರಿಗಳು ರವೆಯನ್ನು ಸೂಜಿ ಎಂದು, ಬೇಳೆಯನ್ನು ದಾಲ್ ಎಂದು ಹಿಂದೂಸ್ತಾನಿ ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಲ್ಯಾಂಕಶೈರ್‌ನ ಹುಡುಗಿ, ಐರ್ಲೆಂಡಿನ ರೈತ, ಲಂಡನ್ನಿನ ಜೇಬುಗಳ್ಳ ಎಲ್ಲರೂ ಸಿಡ್ನಿಯ ಕಡಲದಂಡೆಯಲ್ಲಿ ರವೆ, ಬೇಳೆಗೆ ಸಾಲು ನಿಂತ ಚಿತ್ರ ನನ್ನ ಕಣ್ಣಿಂದ ಹೋಗುವುದಿಲ್ಲ.

ಗಂಡನ ಹೆಸರಿನ ಹಿಂದೆ

ಇಳಿದ ಮೇಲೆ ಮೇರಿಯನ್ನು ಮೇಜರ್ ಫ್ರಾನ್ಸಿಸ್ ಗ್ರೋಸ್ ಎಂಬ ಸೇನಾಧಿಕಾರಿಯ ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ಕಳಿಸಿದರು. ಗವರ್ನರ್ ಫಿಲಿಪ್ ಆ ವರ್ಷದ ಕೊನೆಗೆ ಇಂಗ್ಲೆಂಡಿಗೆ ಹೊರಟಾಗ ವಸಾಹತಿನ ಆಡಳಿತ ಇದೇ ಗ್ರೋಸ್ ಕೈಗೆ ಬಂತು. 1794ರ ಸೆಪ್ಟೆಂಬರ್ 7ರಂದು, ಹದಿನೇಳರ ಮೇರಿ ಥಾಮಸ್ ರೀಬಿ ಎಂಬ ಐರಿಷ್ ತರುಣನನ್ನು ಮದುವೆಯಾದಳು. ಆತ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದವನು. ಕೈದಿಯಲ್ಲ, ಸೈನಿಕನಲ್ಲ, ವ್ಯಾಪಾರ ಮಾಡಲು ನಿಂತ ಸ್ವತಂತ್ರ ಮನುಷ್ಯ.

ಈ ಮದುವೆಯ ತೂಕ ತಿಳಿಯಲು ಒಂದು ಪಟ್ಟಿ ನೆನಪಿಸಿಕೊಳ್ಳಬೇಕು. 1806ರಲ್ಲಿ ಪಾದ್ರಿ ಸ್ಯಾಮ್ಯುಯಲ್ ಮಾರ್ಸ್‌ಡನ್ ವಸಾಹತಿನ ಹೆಂಗಸರ ಪಟ್ಟಿ ಮಾಡಿದ. ಅದರಲ್ಲಿ ಹೆಂಗಸರಿಗೆ ಎರಡೇ ಖಾನೆ: ಮದುವೆಯಾದವಳು, ಇಲ್ಲವೇ ಇಟ್ಟುಕೊಂಡವಳು. ತನ್ನ ಚರ್ಚಿನ ಪದ್ಧತಿಯಲ್ಲಿ ಆಗದ ಮದುವೆಯನ್ನು ಆತ ಮದುವೆ ಎಂದು ಒಪ್ಪಲಿಲ್ಲ. ಹತ್ತಾರು ವರ್ಷ ಒಟ್ಟಿಗೆ ಬಾಳಿ ಮಕ್ಕಳನ್ನು ಸಾಕಿದ ತಾಯಂದಿರೂ ಎರಡನೆಯ ಖಾನೆಗೆ ಬಿದ್ದರು. ಆ ಪಟ್ಟಿಯನ್ನು ಅಂಕಿಅಂಶ ಎಂದು ಎತ್ತಿಕೊಂಡು ಕೈದಿ ಹೆಂಗಸರ ನಡತೆಯ ಬಗ್ಗೆ ತೀರ್ಪು ಕೊಟ್ಟವರು ಬಹಳ. ಬರೆದವನ ಕಣ್ಣು ಎಂಥದು ಎಂದು ನೋಡದೆ ಪಟ್ಟಿ ಓದಬಾರದು.

ಹೊಸ ಸಂಸಾರ ಹಾಕ್ಸ್‌ಬರಿ ನದಿಯ ದಂಡೆಯಲ್ಲಿ ಶುರುವಾಯಿತು. ಸರ್ಕಾರ ಮಂಜೂರು ಮಾಡಿದ ಜಮೀನು, ಜೊತೆಗೆ ದೋಣಿಯಲ್ಲಿ ಕಾಳುಕಡ್ಡಿ ಸಾಗಿಸುವ ಕಸುಬು. ಆ ನದಿಗೆ ಅಲ್ಲಿನ ಮೂಲನಿವಾಸಿಗಳಾದ ದಾರುಗ್ ಜನರ ಭಾಷೆಯಲ್ಲಿ ಹೆಸರು ದ್ಯಾರುಬ್ಬಿನ್. ದಂಡೆಯ ಮೆಕ್ಕಲು ಮಣ್ಣಿನಲ್ಲಿ ಬೆಳೆಯುತ್ತಿದ್ದ ಗೆಣಸು ಅವರ ಆಹಾರ. ವಲಸೆಗಾರರು ಅದನ್ನೆಲ್ಲ ಕಿತ್ತು ಮುಸುಕಿನ ಜೋಳ ಬಿತ್ತಿದರು. ಹಸಿದವರು ಜೋಳ ಕೊಯ್ಯಲು ಬಂದರೆ ಗುಂಡು ಹಾರಿತು. 1795ರ ಹೊತ್ತಿಗೆ ಅಲ್ಲಿ ನಡೆಯುತ್ತಿದ್ದುದು ಯುದ್ಧವೇ. ಮೇರಿಯ ಏಳಿಗೆಯ ಕಥೆ ಹೇಳುವವರು ಈ ಜಮೀನನ್ನು "ಸರ್ಕಾರ ಕೊಟ್ಟದ್ದು" ಎಂದು ಬರೆದು ಮುಂದೆ ಹೋಗುತ್ತಾರೆ. ಯಾರದ್ದನ್ನು ಯಾರು ಕೊಟ್ಟರು ಎಂಬುದನ್ನೂ ಬರೆಯಬೇಕು.

ರೀಬಿ ದಂಪತಿಗಳ ವ್ಯಾಪಾರ ಬೆಳೆಯಿತು. ಕಲ್ಲಿದ್ದಲು, ದೇವದಾರು ಮರ, ಸೀಲ್ ಪ್ರಾಣಿಯ ಚರ್ಮ. ಎಡ್ವರ್ಡ್ ವಿಲ್ಸ್ ಎಂಬ ಪಾಲುದಾರ ಸೇರಿಕೊಂಡ. ಆತನೂ ಗಡೀಪಾರಾಗಿ ಬಂದವನೇ. ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಹುಟ್ಟಿಗೆ ಕಾರಣನಾದ, 1866ರಲ್ಲಿ ಮೂಲನಿವಾಸಿಗಳ ಕ್ರಿಕೆಟ್ ತಂಡಕ್ಕೆ ತರಬೇತಿ ಕೊಟ್ಟ ಟಾಮ್ ವಿಲ್ಸ್ ಈ ಎಡ್ವರ್ಡನ ಮೊಮ್ಮಗ. ವಹಿವಾಟು ಪೆಸಿಫಿಕ್ ದ್ವೀಪಗಳಿಗೆ, 1809ರಿಂದ ಚೀನಾ ಮತ್ತು ಭಾರತಕ್ಕೂ ಹಬ್ಬಿತು. ಸಿಡ್ನಿಯಲ್ಲಿ ಕಟ್ಟಿಸಿದ ಕಲ್ಲಿನ ಮನೆಗೆ ಥಾಮಸ್ ಇಟ್ಟ ಹೆಸರು ಎಂಟಾಲಿ. ಕಲ್ಕತ್ತೆಯ ಒಂದು ಬಡಾವಣೆಯ ಹೆಸರದು, ಇಂದಿಗೂ ಅಲ್ಲಿದೆ. ಮುಂದೆ ಟಾಸ್ಮೇನಿಯಾದಲ್ಲಿ ಹಿರಿಯ ಮಗ ಕಟ್ಟಿಸಿದ ಬಂಗಲೆಗೂ ಅದೇ ಹೆಸರು.

ಈ ಹದಿನೇಳು ವರ್ಷಗಳಲ್ಲಿ ಮೇರಿ ಎಲ್ಲಿ? ಜಮೀನಿನ ಕಾಗದ ಥಾಮಸ್ ಹೆಸರಿನಲ್ಲಿ, ಹಡಗು ಥಾಮಸ್ ಹೆಸರಿನಲ್ಲಿ, ಸಾಲಪತ್ರ ಥಾಮಸ್ ಹೆಸರಿನಲ್ಲಿ. ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯಿಲ್ಲ, ಸ್ವಂತ ಕರಾರಿಲ್ಲ. ಗಂಡ ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದಾಗ ಅಂಗಡಿ, ಗೋದಾಮು, ಸಾಲ ವಸೂಲಿ ನಡೆಸಿದವಳು ಆಕೆ, ನಡುನಡುವೆ ಏಳು ಮಕ್ಕಳನ್ನು ಹೆತ್ತವಳೂ ಆಕೆ. ದಾಖಲೆಯಲ್ಲಿ ಮಾತ್ರ ನೆರಳು. 1811ರ ಏಪ್ರಿಲ್ 5ರಂದು ಥಾಮಸ್ ತೀರಿಕೊಂಡ. ಮುಂದಿನ ತಿಂಗಳು ಪಾಲುದಾರ ವಿಲ್ಸ್ ಕೂಡ ಹೋದ. ವಿಧವೆಯಾದ ಕೂಡಲೇ ಮೇರಿ ಕಾನೂನಿನ ಕಣ್ಣಿಗೆ ಮನುಷ್ಯಳಾದಳು. ಎಲ್ಲೆಡೆ ಆಕೆಯ ಹೆಸರು ಕಾಣಿಸತೊಡಗಿತು. ಮೂವತ್ತನಾಲ್ಕಕ್ಕೆ ಇದ್ದಕ್ಕಿದ್ದಂತೆ ವ್ಯಾಪಾರ ಕಲಿತವಳ ಹಾಗೆ ಕಾಣುವುದು ದಾಖಲೆಯ ದೋಷ. ಮರುವರ್ಷವೇ ಜಾರ್ಜ್ ಸ್ಟ್ರೀಟ್‌ನಲ್ಲಿ ಹೊಸ ಗೋದಾಮು ತೆರೆದಳು ಎಂದರೆ ಕಲಿಕೆ ಯಾವಾಗಲೋ ಮುಗಿದಿತ್ತು.

ಶ್ರೀರಂಗಪಟ್ಟಣದಿಂದ ಬಂದ ಗವರ್ನರ್

ಮೇರಿಯ ಈ ಕಾಲದ ಅದೃಷ್ಟಕ್ಕೆ ಒಬ್ಬ ಮನುಷ್ಯನ ಪಾತ್ರ ದೊಡ್ಡದು: 1810ರ ಜನವರಿ 1ರಂದು ಅಧಿಕಾರ ವಹಿಸಿಕೊಂಡ ಗವರ್ನರ್ ಲಾಕ್ಲನ್ ಮಕ್ವಾರಿ. ಕನ್ನಡ ನಾಡಿನವರಿಗೆ ಆತನ ಹಿನ್ನೆಲೆ ಗೊತ್ತಿರಬೇಕು. ಬ್ರಿಟಿಷರ ಬಾಂಬೆ ಸೇನೆಯ ಜೊತೆ ಟಿಪ್ಪುವಿನ ಮೇಲೆ ದಂಡೆತ್ತಿ ಬಂದವನು ಅವನು. 1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ, 1799ರಲ್ಲಿ ಕೋಟೆ ಬಿದ್ದು ಟಿಪ್ಪು ಮಡಿದ ದಂಡಯಾತ್ರೆಯಲ್ಲೂ ಇದ್ದ, ಗೆದ್ದವರು ಹಂಚಿಕೊಂಡ ಲೂಟಿಯಲ್ಲಿ ಪಾಲನ್ನೂ ಪಡೆದ. ಅವನು ಕಾವೇರಿಯ ದಂಡೆಯಲ್ಲಿದ್ದ ಅದೇ 1792ರಲ್ಲಿ ಮೇರಿ ಹಡಗು ಹತ್ತಿದಳು.

ಶ್ರೀರಂಗಪಟ್ಟಣದವರಿಗೆ ಹಗೆಯಾಗಿದ್ದವನು ಸಿಡ್ನಿಯ ಮಾಜಿ ಕೈದಿಗಳಿಗೆ ಆಸರೆಯಾದ. ಶಿಕ್ಷೆ ಮುಗಿಸಿ ನೆಟ್ಟಗೆ ಬಾಳುತ್ತಿರುವವರನ್ನು ಹಳೆಯ ಅಪರಾಧದ ಹೆಸರಿನಲ್ಲಿ ಹೊರಗಿಡಬಾರದು ಎಂಬುದು ಅವನ ನೀತಿ. ಮಾಜಿ ಕೈದಿಗಳನ್ನು ಮ್ಯಾಜಿಸ್ಟ್ರೇಟರನ್ನಾಗಿ ಮಾಡಿದ, ತನ್ನ ಮನೆಯ ಊಟದ ಮೇಜಿಗೆ ಕರೆದ. ಖೋಟಾ ದಸ್ತಾವೇಜು ಮಾಡಿ ಗಡೀಪಾರಾಗಿದ್ದ ಫ್ರಾನ್ಸಿಸ್ ಗ್ರೀನ್‌ವೇಗೆ ಸರ್ಕಾರಿ ಕಟ್ಟಡಗಳ ಹೊಣೆ ಕೊಟ್ಟ. (ಆ ಗ್ರೀನ್‌ವೇ ಮುಖವೂ 1966ರ ಹತ್ತು ಡಾಲರ್ ನೋಟಿನ ಮೇಲೆ ಬಂತು.) ಸ್ವತಂತ್ರರಾಗಿ ಬಂದು ನೆಲೆಸಿದ್ದ ಜಮೀನುದಾರರಿಗೂ ಅಧಿಕಾರಿಗಳಿಗೂ ಇದು ಉರಿಯಾಯಿತು. ಕೈದಿಯ ಜೊತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದೇ ಎಂದು ಆಹ್ವಾನ ತಿರಸ್ಕರಿಸಿದವರಿದ್ದರು. ಪಂಕ್ತಿಭೇದ ಎಂದರೆ ಏನು ಎಂದು ಬಲ್ಲ ನಮಗೆ ಆ ಊಟದ ಮೇಜಿನ ಬಿಸಿ ತಟ್ಟದೆ ಇರದು.

1817ರಲ್ಲಿ ಮಕ್ವಾರಿಯ ಒತ್ತಾಸೆಯಿಂದ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಶುರುವಾಯಿತು. ಆ ಖಂಡದ ಮೊದಲ ಬ್ಯಾಂಕು. ಇಂದು ಅದರ ಹೆಸರು ವೆಸ್ಟ್‌ಪ್ಯಾಕ್. ಏಪ್ರಿಲ್ 8ರಂದು ಅದು ಬಾಗಿಲು ತೆರೆದದ್ದು ಮಕ್ವಾರಿ ಪ್ಲೇಸ್‌ನಲ್ಲಿ, ಮೇರಿ ರೀಬಿಯಿಂದ ಬಾಡಿಗೆಗೆ ಪಡೆದ ಮನೆಯಲ್ಲಿ. ಆ ಹೊತ್ತಿಗೆ ಆಕೆಯ ಆಸ್ತಿಯನ್ನು ಸುಮಾರು 20,000 ಪೌಂಡ್ ಎಂದು ಅಂದಾಜು ಮಾಡುತ್ತಿದ್ದರು.

ಬ್ಯಾಂಕು ತೆರೆದ ಮರು ತಿಂಗಳೇ ಕೋರ್ಟಿನಲ್ಲಿ ಇನ್ನೊಂದು ನಮೂದು ಇದೆ. ಮೇರಿ ತನಗೆ ಹಣ ಕೊಡಬೇಕಾಗಿದ್ದ ಸಾಲಗಾರನ ಮೇಲೆ ಕೈ ಮಾಡಿದ್ದಾಳೆ. ಆರೋಪ ರುಜುವಾತಾಯಿತು. ನೋಟಿನ ಮೇಲಿನ ಅಜ್ಜಿಯನ್ನು ಮೆಚ್ಚುವವರು ಇದನ್ನು ಬಿಟ್ಟುಬಿಡಲು ನೋಡುತ್ತಾರೆ. ನಾನು ಬಿಡಲಾರೆ. ಏಳು ಮಕ್ಕಳ ತಾಯಿ, ಒಂಟಿ ಹೆಂಗಸು, ಕೊಟ್ಟ ಸಾಲ ವಸೂಲಿಗೆ ತಾನೇ ಹೋಗುತ್ತಿದ್ದಳು ಎಂಬುದು ಇದರಿಂದ ಗೊತ್ತಾಗುತ್ತದೆ. ಕೈ ಮಾಡಿದ್ದು ತಪ್ಪು, ಅದೂ ಆಕೆಯ ಬದುಕಿನ ಭಾಗ.

ಊರಿಗೆ ಹೋದದ್ದು, ಮತ್ತೆ ಬಂದದ್ದು

1820ರಲ್ಲಿ ಮೇರಿ ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದಳು. ಆ ಪ್ರಯಾಣದ ದಿನಚರಿ ಬರೆದಿದ್ದಾಳೆ, ಸಿಡ್ನಿಯ ಸರ್ಕಾರಿ ಗ್ರಂಥಾಲಯದಲ್ಲಿ ಅದು ಭದ್ರವಾಗಿದೆ. ವ್ಯಾಪಾರದ ಮಾತು, ಭೇಟಿಯಾದವರ ಹೆಸರು ಅದರಲ್ಲಿ ಇವೆ. ಬ್ಲ್ಯಾಕ್‌ಬರ್ನ್‌ಗೆ ಬಂದಾಗ ಮಾತ್ರ ಬರವಣಿಗೆಯ ದನಿ ಬೇರೆಯಾಗುತ್ತದೆ. ಡಾರ್ವೆನ್ ಬೀದಿಯ ಮೇಲ್ಭಾಗದಲ್ಲಿ ನಿಂತಾಗ ಆದದ್ದನ್ನು ಹೇಳಲಾರೆ ಎನ್ನುತ್ತಾಳೆ. ತಾನು ಬೆಳೆದ ಅಜ್ಜಿಯ ಮನೆಯೊಳಗೆ ಕಾಲಿಟ್ಟರೆ ಹೆಚ್ಚುಕಡಿಮೆ ಬಿಟ್ಟುಹೋದ ಹಾಗೇ ಇದೆ. ಅದೇ ಸಾಮಾನು, ಬಹಳಷ್ಟು ಅದೇ ಜಾಗದಲ್ಲಿ. ತನಗೆ ಗುರುತಿನವರು, ತನ್ನ ಗುರುತು ಹಿಡಿಯುವವರು ಮಾತ್ರ ಅಲ್ಲಿ ಒಬ್ಬರೂ ಇಲ್ಲ.

ಈ ಸಾಲುಗಳನ್ನು ಅತ್ತೆಗೆ ಬರೆದ ಕಾಗದದ ಪಕ್ಕದಲ್ಲಿಟ್ಟು ಓದಬೇಕು. ಎರಡು ಮೂರು ವರ್ಷದಲ್ಲಿ ಬಂದುಬಿಡುತ್ತೇನೆ ಎಂದಿದ್ದಳು. ಬರುವ ಹೊತ್ತಿಗೆ ಇಪ್ಪತ್ತೆಂಟು ವರ್ಷ ಕಳೆದಿತ್ತು. ಊರಿನ ನೆಂಟರು ಆಕೆಯನ್ನು ಆದರದಿಂದಲೇ ಕಂಡರು. ಅಲ್ಲೇ ಉಳಿಯುವಷ್ಟು ಹಣವೂ ಇತ್ತು. ಉಳಿಯಲಿಲ್ಲ. 1821ರಲ್ಲಿ ಸಿಡ್ನಿಗೆ ವಾಪಸ್ಸಾದಳು. ಈ ಸಲ ಟಿಕೆಟ್ಟು ಕೊಂಡು, ಕ್ಯಾಬಿನ್ನಿನಲ್ಲಿ, ಮಕ್ಕಳ ಜೊತೆ.

ಎರಡನೆಯ ಸುಳ್ಳು

1828ರ ನವೆಂಬರ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ಮೊದಲ ಜನಗಣತಿ ನಡೆಯಿತು. ಅಲ್ಲಿಯವರೆಗೆ ಇದ್ದದ್ದು ಹಾಜರಿ ಕರೆಯುವ ಮಸ್ಟರ್ ರೋಲ್. ಜನಗಣತಿಯ ನಮೂನೆಯಲ್ಲಿ ಹೆಸರು, ವಯಸ್ಸು, ಧರ್ಮ, ಜಮೀನು, ದನಕರುಗಳ ಜೊತೆಗೆ ಪ್ರತಿಯೊಬ್ಬರ ದರ್ಜೆಯನ್ನೂ ಬರೆಯಬೇಕಿತ್ತು. ಸ್ವತಂತ್ರರಾಗಿ ಬಂದವರು, ಇಲ್ಲಿಯೇ ಹುಟ್ಟಿದವರು, ಶಿಕ್ಷೆ ಮುಗಿಸಿ ಬಿಡುಗಡೆಯಾದವರು, ಕ್ಷಮಾದಾನ ಪಡೆದವರು, ಇನ್ನೂ ಕೈದಿಗಳು ಎಂದು ಒಂದೊಂದಕ್ಕೂ ಒಂದೆರಡು ಅಕ್ಷರದ ಗುರುತು. ಬಂದ ಹಡಗು, ಬಂದ ವರ್ಷ. ದಾರುಗ್ ಜನರಿಗೂ ಇತರ ಮೂಲನಿವಾಸಿಗಳಿಗೂ ಈ ಎಣಿಕೆಯಲ್ಲಿ ಜಾಗವೇ ಇರಲಿಲ್ಲ.

ಮೇರಿಯ ಸರಿಯಾದ ದರ್ಜೆ "ಶಿಕ್ಷೆ ಮುಗಿಸಿ ಬಿಡುಗಡೆ". ಹಡಗು ರಾಯಲ್ ಅಡ್ಮಿರಲ್, ವರ್ಷ 1792. ಆಕೆ ಬರೆಸಿದ್ದು: ಸ್ವತಂತ್ರಳಾಗಿ ಬಂದದ್ದು, 1821.

ಈ ಸಾಲಿನಲ್ಲಿರುವ ಜಾಣತನ ಗಮನಿಸಿ. 1821ರಲ್ಲಿ ಆಕೆ ಹಡಗಿನಲ್ಲಿ ಬಂದದ್ದು ನಿಜ, ಸ್ವತಂತ್ರಳಾಗಿ ಬಂದದ್ದೂ ನಿಜ. ಎರಡನೆಯ ಆಗಮನವನ್ನು ಮೊದಲನೆಯದರ ಜಾಗದಲ್ಲಿ ಕೂರಿಸಿದ್ದಾಳೆ, ಅಷ್ಟೇ. ಹದಿಮೂರರ ಹುಡುಗಿ ಇಲ್ಲದ ಹುಡುಗನನ್ನು ಸೃಷ್ಟಿಸಿದ್ದಳು. ಐವತ್ತೊಂದರ ವ್ಯಾಪಾರಿ ನಿಜದ ತುಣುಕುಗಳನ್ನೇ ಜೋಡಿಸಿದಳು.

ಯಾಕೆ? ಸಿಡ್ನಿಯಲ್ಲಿ ಆಕೆ ಯಾರು ಎಂದು ಗೊತ್ತಿಲ್ಲದವರು ಇರಲಿಲ್ಲ. 1825ರಲ್ಲಿ ಆಕೆಯನ್ನು ಫ್ರೀ ಗ್ರಾಮರ್ ಸ್ಕೂಲ್ ಎಂಬ ಶಾಲೆಯ ಆಡಳಿತ ಮಂಡಳಿಗೆ ತೆಗೆದುಕೊಂಡಿದ್ದರು. ಯಾರನ್ನೂ ಮೋಸಗೊಳಿಸಲು ಹೇಳಿದ ಸುಳ್ಳು ಇದಲ್ಲ. ಗಾಳಿ ಬದಲಾಗಿತ್ತು. ಮಕ್ವಾರಿಯ ನೀತಿ ಸರಿಯೇ ಎಂದು ವಿಚಾರಿಸಲು ಲಂಡನ್ ಕಳಿಸಿದ್ದ ಕಮಿಷನರ್ ಬಿಗ್ 1822-23ರಲ್ಲಿ ವರದಿ ಕೊಟ್ಟ. ಮಾಜಿ ಕೈದಿಗಳಿಗೆ ಅತಿಯಾಗಿ ಸಲಿಗೆ ಕೊಟ್ಟದ್ದಾಯಿತು ಎಂಬ ದೂರು ಅದರಲ್ಲಿತ್ತು. ಅದಕ್ಕೂ ಮೊದಲೇ ಅಧಿಕಾರ ಬಿಟ್ಟು ಊರಿಗೆ ಹೊರಟಿದ್ದ ಮಕ್ವಾರಿ ಮನನೊಂದ, 1824ರಲ್ಲಿ ತೀರಿಕೊಂಡ. "ಶಿಕ್ಷೆ ಮುಗಿಸಿದವರು" ಎಂಬ ಎರಡಕ್ಷರ ಹಣೆಯ ಮೇಲಿನ ಬರೆಯಾಗಿ ಮತ್ತೆ ಕೆಂಪಗಾಯಿತು. ಮಕ್ಕಳ ಸಂಬಂಧ, ವ್ಯಾಪಾರದ ನಂಬಿಕೆ, ಚರ್ಚಿನಲ್ಲಿ ಕೂರುವ ಸಾಲು ಎಲ್ಲದಕ್ಕೂ ಅದು ತಗಲುತ್ತಿತ್ತು. ಸರ್ಕಾರ ತನ್ನ ಕೈಗೆ ಒಂದು ನಮೂನೆ ಕೊಟ್ಟಾಗ ಮೇರಿ ತಾನು ಬಯಸಿದ ಉತ್ತರ ಬರೆದಳು. ಮೊದಲ ಸಲ ಯಾರೋ ಕರೆತಂದರು. ಎರಡನೆಯ ಸಲ ತಾನಾಗಿ ಬಂದೆ. ನಾನು ಈ ಊರಿಗೆ ಬಂದದ್ದು ಎಂದರೆ ಅದೇ. ಆ ಸಾಲನ್ನು ನಾನು ಹೀಗೆ ಓದುತ್ತೇನೆ.

ಜಾಡು ಹಿಡಿಯುವವರಿಗೆ ಇದರಿಂದ ಕಷ್ಟವೂ ಇದೆ. 1828ರ ಆ ಸಾಲೊಂದೇ ಉಳಿದಿದ್ದರೆ, ಮೇರಿ ಎಂಬ ಸ್ವತಂತ್ರ ಮಹಿಳೆ 1821ರಲ್ಲಿ ಬಂದಳು ಎಂದು ನಾವು ನಂಬುತ್ತಿದ್ದೆವು. ಹಡಗಿನ ಪಟ್ಟಿ, ಮದುವೆಯ ರಿಜಿಸ್ಟರು, 1803ರಿಂದ ನಡೆದ ಸಿಡ್ನಿ ಗೆಜೆಟ್ ಪತ್ರಿಕೆಯ ಜಾಹೀರಾತುಗಳು ಸೇರಿ ಆಕೆಯನ್ನು 1792ಕ್ಕೆ ಹಿಡಿದು ಎಳೆಯುತ್ತವೆ. ಹಳೆಯ ಪತ್ರಿಕೆಗಳು ಈಗ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿವೆ. ಕೈದಿಗಳ ದಾಖಲೆಗಳಲ್ಲಿ ಮುಖ್ಯವಾದವನ್ನು 2007ರಲ್ಲಿ ಯುನೆಸ್ಕೊ ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು. ಬಹಳ ಕಾಲ ಆ ದೇಶದ ಮನೆಗಳಲ್ಲಿ ವಂಶದ ಕೈದಿಯನ್ನು ಮುಚ್ಚಿಡುತ್ತಿದ್ದರು. ಈಗ ಹುಡುಕಿ ಸಿಕ್ಕಿದರೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಮೇರಿ ಕೊನೆಕೊನೆಗೆ ವ್ಯಾಪಾರ ಬಿಟ್ಟು, ಬಾಡಿಗೆ ಬಡ್ಡಿಗಳ ಮೇಲೆ ಸಿಡ್ನಿಯ ನ್ಯೂಟೌನ್‌ನಲ್ಲಿ ನೆಮ್ಮದಿಯಾಗಿದ್ದಳು. ನೋಟಿನ ಮೇಲಿರುವುದು ಆ ಕಾಲದ ಮುಖ. ಎಂಟಾಲಿ ಬಂಗಲೆಯಲ್ಲಿ ಹುಟ್ಟಿದ ಮೊಮ್ಮಗ ಥಾಮಸ್ ಪಾದ್ರಿಯಾದ, ರಾಜಕೀಯಕ್ಕೆ ಬಂದ, 1876ರಲ್ಲಿ ಟಾಸ್ಮೇನಿಯಾದ ಪ್ರಧಾನಿಯಾದ. ಅಷ್ಟು ಹೊತ್ತಿಗೆ ಅಜ್ಜಿ ಹೋಗಿ ಇಪ್ಪತ್ತು ವರ್ಷ ದಾಟಿತ್ತು.

ಆಕೆ ತೀರಿಕೊಂಡದ್ದು 1855ರ ಮೇ 30ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ. ಒಂಬತ್ತು ತಿಂಗಳ ಬಳಿಕ, 1856ರ ಮಾರ್ಚ್ 1ರಿಂದ, ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟು ಸಾವುಗಳ ಸರ್ಕಾರಿ ನೋಂದಣಿ ಶುರುವಾಯಿತು. ಅದರ ಮರಣಪತ್ರದ ನಮೂನೆಯಲ್ಲಿ ಒಂದು ಕಾಲಂ ಇತ್ತು: ಹುಟ್ಟಿದ ಊರು ಯಾವುದು, ವಸಾಹತಿನಲ್ಲಿ ಎಷ್ಟು ವರ್ಷ ಇದ್ದರು? ಸುಮಾರು ಅರವತ್ಮೂರು ಎಂದು ಬರೆಸಬೇಕೋ, ಮೂವತ್ತನಾಲ್ಕು ಎಂದೋ ಎಂಬ ಪ್ರಶ್ನೆ ಮೇರಿಯ ಮಕ್ಕಳ ಎದುರು ಬರಲೇ ಇಲ್ಲ.